ಹಾಡಿನ ಕೆಳಗೆ ಉಳಿದ ಮಾತು

ನಾನು ಕೆಲಸಕ್ಕೆ ಸೇರಿದ ವರ್ಷವೇ ಆ ಸ್ಟುಡಿಯೋಕ್ಕೆ ಡಿಜಿಟಲ್ ಕ್ಯಾಮೆರಾ ಬಂತು. ಬೆಳಗಾವಿಯ ಶಹಾಪುರದಲ್ಲಿ, ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆಯ ಸ್ಟುಡಿಯೋ ಅದು. ಮದುವೆ, ಬಸುರಿಯರ ಕುಬುಸ, ವಾಸ್ತುಶಾಂತಿಗಳ ವಿಡಿಯೋ ಮಾಡುವುದು ಕಸುಬು. ಮಾಲಕರು ಖಾನಾಪುರದ ಕಡೆಯವರು, ಐವತ್ತು ದಾಟಿದವರು. ಮರಾಠಿ, ಕನ್ನಡ ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುತ್ತಿದ್ದರು. ಅಲ್ಲಿಯವರೆಗೆ ಅವರು ಹೆಗಲ ಮೇಲೆ ಹೊರುವ ಕ್ಯಾಮೆರಾದಲ್ಲಿ ಶೂಟಿಂಗ್ ಮಾಡಿ, ಎರಡು ವಿಸಿಆರ್ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಓಡಿಸಿದ್ದನ್ನು ಇನ್ನೊಂದರಲ್ಲಿ ಹಿಡಿದು ಕ್ಯಾಸೆಟ್ ತಯಾರಿಸುತ್ತಿದ್ದರು. ಹೊಸ ಕ್ಯಾಮೆರಾ ಒಂದು ಕೈಯಲ್ಲಿ ಹಿಡಿಯುವಷ್ಟಿತ್ತು. ಅದರ ಕ್ಯಾಸೆಟ್ಟು ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡದು. ಅದರ ಜೊತೆಗೆ ಎಡಿಟಿಂಗ್ ಮಾಡುವ ಕಂಪ್ಯೂಟರೂ ಬಂತು. ಅದನ್ನು ನಡೆಸಲು ಮಾಲಕರ ಕೈ ಬಗ್ಗಲಿಲ್ಲ. ನಾನು ಡಿಗ್ರಿ ಮುಗಿಸಿದವಳು, ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಕ್ಲಾಸಿನ ಸರ್ ನನ್ನನ್ನು ಅಲ್ಲಿಗೆ ಕಳಿಸಿಕೊಟ್ಟರು.

ಶೂಟಿಂಗಿಗೆ ನಾನು ಹೋಗುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಮಾಲಕರು ತಂದುಕೊಟ್ಟ ಸಣ್ಣ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಬೇಕಾದ್ದನ್ನು ಇಟ್ಟು ಬೇಡದ್ದನ್ನು ಕತ್ತರಿಸಿ, ಹಾಡು ಹಾಕುವುದು ನನ್ನ ಕೆಲಸ. ಕರೆಂಟು ಹೋದರೆ ಮಾಡಿದ್ದೆಲ್ಲ ಹೋಗುತ್ತಿತ್ತು, ಮತ್ತೆ ಮೊದಲಿನಿಂದ. ಹೀಗೆ ಒಬ್ಬೊಬ್ಬ ಮದುಮಗಳ ಮುಖವನ್ನೂ ವಾರಗಟ್ಟಲೆ ನೋಡಬೇಕಾಗುತ್ತಿತ್ತು. ಯಾರು ನಗುವ ಮೊದಲು ತುಟಿ ಕಚ್ಚುತ್ತಾರೆ, ಯಾರು ಅತ್ತೆಯ ಕಡೆ ಓರೆಗಣ್ಣಿನಲ್ಲಿ ನೋಡುತ್ತಾರೆ, ಎಲ್ಲವೂ ನನಗೆ ಗೊತ್ತಾಗುತ್ತಿತ್ತು. ಅವರಿಗೆ ಮಾತ್ರ ನಾನು ಯಾರೆಂದು ಗೊತ್ತಿರುತ್ತಿರಲಿಲ್ಲ. ಒಮ್ಮೆ ಖಡೇಬಜಾರಿನಲ್ಲಿ ಅಂಥ ಹುಡುಗಿಯೊಬ್ಬಳು ಎದುರಾದಾಗ ಗೆಳತಿಯನ್ನು ಕಂಡಂತೆ ನಕ್ಕುಬಿಟ್ಟೆ. ಅವಳು ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿದಳು.

ಹಾಡಿನ ಬಗ್ಗೆ ಮಾಲಕರದೊಂದು ಪದ್ಧತಿಯಿತ್ತು. ತಾಳಿ ಕಟ್ಟುವಾಗಿನ ಮಂತ್ರ, ಅಕ್ಷತೆ ಹೊತ್ತಿನ ಮಂಗಲಾಷ್ಟಕ ಬಿಟ್ಟರೆ ಬೇರೆಲ್ಲ ಕಡೆ ಮೂಲದ ಧ್ವನಿ ತೆಗೆದು ಸಿನಿಮಾ ಹಾಡು ಹಾಕಬೇಕು. ಮಂದಿಯ ಮಾತು ಅವರಿಗೆ ಗದ್ದಲ. ಗಿರಾಕಿಗಳೂ ಅದನ್ನೇ ಬಯಸುತ್ತಿದ್ದರು. ಮದುಮಗಳು ಕಾಣುವಲ್ಲೆಲ್ಲ ತವರು ಬಿಟ್ಟು ಹೋಗುವ ಹಾಡು ಇರಲೇಬೇಕು ಎಂದು ಅವಳ ಕಡೆಯವರೇ ಹೇಳಿ ಹೋಗುತ್ತಿದ್ದರು.

ಬೀಡಿ ಊರಿನ ಆ ಹುಡುಗಿಯ ಮದುವೆ ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಆಯಿತು. ಅವಳ ತಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವರಪ್ಪನ ಕಾಲದವರೆಗೆ ಮನೆಯವರು ಕುರಿ ಕಾಯ್ದವರು. ಸಂಬಳದ ನೌಕರಿ ಕಂಡ ಮೊದಲನೆಯವರು ಇವರೇ. ಇದ್ದೊಬ್ಬ ಮಗಳ ಮದುವೆಗೆ ಹೊಸ ಕ್ಯಾಮೆರಾದ ಶೂಟಿಂಗೇ ಬೇಕೆಂದು ಹುಡುಕಿಕೊಂಡು ಬಂದಿದ್ದರು. ಕ್ಯಾಸೆಟ್ ತಯಾರಾದ ದಿನ ನಮ್ಮ ಟಿವಿಯಲ್ಲಿ ಸ್ವಲ್ಪ ನೋಡಿ, ಮಗಳು ಸಿನಿಮಾದವರಂತೆ ಕಾಣುತ್ತಾಳೆಂದು ಹೆಮ್ಮೆಪಟ್ಟು ಒಯ್ದರು.

ಮರುವರ್ಷದ ಮಳೆಗಾಲದಲ್ಲಿ ಅವರು ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದರು. ಮೊದಲು ನನಗೆ ಗುರುತು ಹತ್ತಲಿಲ್ಲ. ಛತ್ರಿಯನ್ನು ಬಾಗಿಲ ಹೊರಗೆ ಬಿಟ್ಟು, ಟವೆಲ್ಲಿನಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಟೇಬಲ್ಲಿನ ಮೇಲಿಟ್ಟರು. ಮಗಳಿಗೆ ಗಂಡನ ಮನೆಯಲ್ಲಿ ಕಾಮಣಿ ಆಯಿತು, ಕಣ್ಣು ಮೈ ಹಳದಿಯಾದವು, ಊರ ಔಷಧದಲ್ಲಿ ದಿನ ಹೋದವು, ಇಲ್ಲಿಯ ದವಾಖಾನೆಗೆ ತರುವಷ್ಟರಲ್ಲಿ ಕೈಮೀರಿತ್ತು ಎಂದು ಅವರೇ ನಿಂತಲ್ಲೇ ಹೇಳಿದರು. ಮಾಲಕರು ಕುರ್ಚಿ ಸರಿಸಿ ಕೂಡಿಸಿದರು. ನಾನು ನೀರು ತಂದುಕೊಟ್ಟೆ. ಆ ಹುಡುಗಿಯ ಮುಖ ನನ್ನ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಬಂತೆಂದರೆ, ಅವಳು ಸತ್ತಿದ್ದಾಳೆ ಎಂಬುದು ಅದಕ್ಕೆ ಹೊಂದಲೇ ಇಲ್ಲ.

ಅವರು ಬಂದದ್ದು ಧ್ವನಿ ಕೇಳಲು. ಕ್ಯಾಸೆಟ್ಟಿನಲ್ಲಿ ಮಗಳು ಮಾತಾಡುವುದು ಕಾಣುತ್ತದೆ, ಕೇಳಿಸುವುದು ಹಾಡು. ಮೊದಲು ಹಿಡಿದ ಸಣ್ಣ ಕ್ಯಾಸೆಟ್ಟುಗಳಲ್ಲಿ ಅವಳ ದನಿ ಇರುತ್ತದಲ್ಲ, ಅದನ್ನು ಕೊಡಿ ಎಂದು ತಂದೆ ಕೇಳಿದರು. ಮಾಲಕರು ನನ್ನ ಕಡೆ ನೋಡಿದರು. ಆ ಸಣ್ಣ ಕ್ಯಾಸೆಟ್ಟುಗಳು ತುಟ್ಟಿ. ಒಂದು ಮದುವೆಯ ಕೆಲಸ ಮುಗಿದ ಮೇಲೆ ಅವುಗಳ ಮೇಲೆಯೇ ಇನ್ನೊಂದು ಮದುವೆ ಹಿಡಿಯುತ್ತಿದ್ದೆವು. ಕಂಪ್ಯೂಟರಿನಲ್ಲೂ ಜಾಗ ಸಾಲದೆ ಹಳೆಯದನ್ನು ಅಳಿಸಿ ಹೊಸದಕ್ಕೆ ಎಡೆ ಮಾಡುತ್ತಿದ್ದೆವು. ಅವಳ ಮದುವೆಯ ಮೇಲೆ ಎಷ್ಟೋ ಮದುವೆಗಳು ಆಗಿಹೋಗಿದ್ದವು. ಆದರೂ ಕಪಾಟಿನಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಕ್ಯಾಮೆರಾಕ್ಕೆ ಹಾಕಿ ಕೊನೆಯವರೆಗೆ ಓಡಿಸಿ ನೋಡಿದೆ. ಯಾವುದರಲ್ಲೂ ಅವಳಿರಲಿಲ್ಲ. ಇದೆಲ್ಲ ಮುಗಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.

ಇಲ್ಲವೆಂದು ನಾನು ಹೇಳಿದಾಗ ತಾಯಿ ಮೊದಲ ಸಲ ಬಾಯಿ ತೆರೆದರು. ಅವರಿಗೆ ಎಲ್ಲ ಮಾತೂ ಬೇಕಿರಲಿಲ್ಲ, ಬೇಕಾದದ್ದು ಒಂದೇ ಒಂದು. ಮದುವೆಯ ದಿನ ಬೆಳಿಗ್ಗೆ ಒಳಗಿನ ಕೋಣೆಯಲ್ಲಿ ಮಗಳಿಗೆ ಹೂವಿನ ದಂಡೆ ಮುಡಿಸುತ್ತಿದ್ದಾಗಿನದು. ಅದರಲ್ಲಿ ಅವಳ ಕಣ್ಣಲ್ಲಿ ನೀರಿದೆ. ಕ್ಯಾಮೆರಾ ಕಡೆ ಕೈ ಮಾಡಿ ಏನೋ ಹೇಳುತ್ತಾಳೆ. ಮೇಲೆ ಆ ತವರಿನ ಹಾಡು. ಅವಳು ಹೋದಾಗಿನಿಂದ ತಾಯಿ ದಿನವೂ ಅದೊಂದನ್ನೇ ಹಚ್ಚಿ ನೋಡುತ್ತಿದ್ದರಂತೆ.

“ಆಕಿಗೆ ಆ ಮನಿ ಮನಸಿಗೆ ಬಂದಿದ್ದಿಲ್ಲೇನೋ. ನಾವ ಒತ್ತಾಯ ಮಾಡಿ ಕೊಟ್ಟಿವೇನೋ,” ಎಂದರು. “ಆವತ್ತ ಬಾಯಿಬಿಟ್ಟ ಹೇಳಿರಬೇಕು. ಮಂದ್ಯಾಗ ನನಗ ಕೇಳಿರಲಿಕ್ಕಿಲ್ಲ. ಏನಂದಳು ಅನ್ನೂದಷ್ಟ ಬೇಕಾಗೇತಿ ನೋಡವಾ.”

ನನಗೆ ಅದು ಗೊತ್ತಿತ್ತು. ಆ ತುಣುಕನ್ನು ಎಡಿಟಿಂಗಿನಲ್ಲಿ ಎಷ್ಟು ಸಲ ಕೇಳಿದ್ದೆನೋ, ಪ್ರತಿ ಸಲವೂ ನಗು ಬರುತ್ತಿತ್ತು. ಹಾಡು ಹಾಕಿದ ಮೇಲೆ ಅದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಅವರ ಎದುರು ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ: “ಅವ್ವಾರ, ಆಕಿ ಅಂದದ್ದು ಇಷ್ಟ್ರಿ. ‘ಕಾಕಾ, ಆ ಲೈಟ್ ಆಚಿ ಕಡೆ ಮಾಡ್ರಿ. ಕಣ್ಣಾಗ ನೀರ ಬರಾಕತ್ತಾವು. ನಾ ಅಳಾಕತ್ತೇನಂತ ತಿಳಕೊಂಡು ನಮ್ಮವ್ವ ಸುರು ಮಾಡತಾಳ.’”

ಶೂಟಿಂಗಿನ ದೊಡ್ಡ ಲೈಟು ಹತ್ತಿರ ಹಿಡಿದರೆ ಯಾರ ಕಣ್ಣಲ್ಲೂ ನೀರು ಬರುತ್ತದೆ. ತಾಯಿ ನನ್ನನ್ನೇ ನೋಡಿದರು. ನಂಬಬೇಕೆಂಬ ಆಸೆ ಮುಖದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಮಾಲಕರು ನಡುವೆ ಬಾಯಿ ಹಾಕಿ, ಹೌದು, ತನಗೂ ಚೆನ್ನಾಗಿ ನೆನಪಿದೆ, ಕ್ಯಾಮೆರಾ ಹಿಡಿದವನು ತಾನೇ ಅಲ್ಲವೇ, ಅವಳು ನಗುನಗುತ್ತ ಇದನ್ನೇ ಹೇಳಿದಳು ಎಂದರು.

ತಾಯಿ ಅವರ ಕಡೆ ತಿರುಗಿದರು. “ಹಂಗಾದರ ಆ ಹೊತ್ತಿನ್ಯಾಗ ಆಕಿ ಉಟ್ಟಿದ್ದ ಸೀರಿ ಯಾವ ಬಣ್ಣದ್ದಿತ್ರಿ?”

ಮಾಲಕರು ಹಸಿರು ಎಂದರು. ಅದು ಅರಿಶಿನ ಬಣ್ಣದ ಸೀರೆ. ತಾಯಿ ಟವೆಲ್ಲನ್ನು ಕೈಗೆ ತೆಗೆದುಕೊಂಡರು. ಮಾಲಕರು ಕೆಟ್ಟವರಲ್ಲ, ಆ ಹೆಣ್ಣುಮಗಳಿಗೆ ಸಮಾಧಾನವಾಗಲಿ ಎಂದಷ್ಟೇ ಹೇಳಿದ್ದು. ಆದರೆ ಅವರ ಸುಳ್ಳಿನ ಜೊತೆಗೆ ನನ್ನ ನಿಜವೂ ಸುಳ್ಳಾಯಿತು. ಪಾಪ ಅಂತ ಇಬ್ಬರೂ ಕೂಡಿ ಹೇಳುತ್ತಿದ್ದಾರೆ ಎಂದು ತಾಯಿ ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ಅವರು ಏಳುವಷ್ಟರಲ್ಲಿ ನಾನು ಕ್ಯಾಸೆಟ್ಟನ್ನು ಇಸಿದುಕೊಂಡು ವಿಸಿಆರ್‌ಗೆ ಹಾಕಿದೆ. ಟಿವಿಯ ಧ್ವನಿ ಪೂರ್ತಿ ಇಳಿಸಿದೆ. ದಂಡೆ ಮುಡಿಸುವಲ್ಲಿಗೆ ಬಂದಾಗ, ಅವಳ ತುಟಿ ಅಲುಗಿದಂತೆ ಅವಳ ಮಾತನ್ನು ನಾನು ಹೇಳುತ್ತ ಹೋದೆ. ‘ಲೈಟ್’ ಎನ್ನುವಾಗ ಅವಳ ಕೈ ಕ್ಯಾಮೆರಾದ ಮೇಲ್ಭಾಗಕ್ಕೆ ಎದ್ದಿತು, ಲೈಟು ಹಿಡಿದಿದ್ದದ್ದು ಅಲ್ಲಿಯೇ. ‘ನಮ್ಮವ್ವ’ ಎನ್ನುವಾಗ ಎರಡು ತುಟಿಯೂ ಮುಚ್ಚಿ ತೆರೆದವು, ಕಣ್ಣು ಪಕ್ಕಕ್ಕೆ ಹೊರಳಿತು. ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದೆ. ಮೂರನೆಯ ಸಲ ನಾನು ಸುಮ್ಮನಿದ್ದೆ. ತಾಯಿಯೇ ಟಿವಿಯ ಹತ್ತಿರ ಹೋಗಿ ನಿಂತು, ಮಗಳ ಬಾಯಿ ನೋಡುತ್ತ ಆ ಮಾತನ್ನು ಮೆಲ್ಲಗೆ ಆಡಿದರು. ಮಾತು ಮಗಳ ತುಟಿಗೆ ಸರಿಯಾಗಿ ಕೂತಿತು.

“ಅಳತಿದ್ದಿಲ್ಲ ಹಂಗಾದರ,” ಎಂದರು.

“ಇಲ್ರಿ ಅವ್ವಾರ.”

ಇನ್ನಾದರೂ ಅವರ ಮನಸ್ಸು ಹಗುರಾಗುತ್ತದೆ ಎಂದುಕೊಂಡೆ. ಅವರು ಹೋಗಿ ಕುರ್ಚಿಯಲ್ಲಿ ಕೂತು ಟವೆಲ್ಲನ್ನು ಮಡಿಲಲ್ಲಿಟ್ಟು ಮಡಿಸಿದರು. ಆಮೇಲೆ ಹೇಳಿದರು: “ನನ್ನ ಮ್ಯಾಲ ಸಿಟ್ಟ ಮಾಡಕೊಂಡ ಹೋದ್ಲು ಅನಕೊಂಡಿದ್ನಿ. ಸಿಟ್ಟರ ಇತ್ತಲ್ಲಾ, ಹೋಗಾಕ ಒಂದ ಕಾರಣರ ಇತ್ತಲ್ಲಾ ಅಂತಿದ್ನಿ. ಏನೂ ಇದ್ದಿದ್ದಿಲ್ಲ. ಸುಮ್ಮನ ಹೋತು ಕೂಸು.”

ತಂದೆ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಕೆಳಗೆ ರಸ್ತೆಯಲ್ಲಿ ಮಳೆ ಜೋರಾಗಿತ್ತು. ಹೊರಡುವಾಗ ಅವರು ಆ ಹಾಡು ಇಲ್ಲದ ಒಂದು ಕ್ಯಾಸೆಟ್ ಮಾಡಿಕೊಡಲು ಕೇಳಿದರು. ಹಾಡು ತೆಗೆದರೆ ಕೆಳಗೆ ಏನೂ ಉಳಿದಿಲ್ಲ, ಮೂಕವಾಗುತ್ತದೆ ಎಂದೆ. ಮೂಕವೇ ಇರಲಿ ಎಂದರು. ಮಾಡಿಕೊಟ್ಟೆ.

ಅದಾದ ಮೇಲೆ ಕೆಲವು ಮದುವೆಗಳಲ್ಲಿ ಹಾಡಿನ ಕೆಳಗೆ ಮಂದಿಯ ಮಾತನ್ನು ಸಣ್ಣಗೆ ಉಳಿಸತೊಡಗಿದೆ. ಗಿರಾಕಿಗಳು ಹಾಡು ಕೆಟ್ಟಿದೆ ಎಂದು ಕ್ಯಾಸೆಟ್ ಮರಳಿ ತಂದರು. ಮಾಲಕರು ಬೈಯಲಿಲ್ಲ, ಹೀಗೆ ಮಾಡಿದರೆ ಅಂಗಡಿ ನಡೆಯದು ಎಂದಷ್ಟೇ ಹೇಳಿದರು. ನಾನು ಬಿಟ್ಟೆ. ಸೀರೆಯ ಬಣ್ಣದ ಸಂಗತಿಯನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ಆದರೆ ಆಮೇಲೆ ಮದುಮಗಳ ಕೋಣೆಯಲ್ಲಿ ಅವರು ಲೈಟು ದೂರ ಹಿಡಿಯತೊಡಗಿದ್ದು ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಚಿತ್ರ ಮಬ್ಬಾಗಿ ಬರುತ್ತಿತ್ತು.

ಚಳಿಗಾಲದಲ್ಲಿ ಆ ತಂದೆ ಇಲಾಖೆಯ ಕೆಲಸಕ್ಕೆಂದು ಬೆಳಗಾವಿಗೆ ಬಂದವರು ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಹೆಂಡತಿ ಈಗ ಯಾವ ಕ್ಯಾಸೆಟ್ಟನ್ನೂ ನೋಡುವುದಿಲ್ಲ, ಟಿವಿಗೆ ಬಟ್ಟೆ ಹೊದಿಸಿಟ್ಟಿದ್ದಾಳೆ ಎಂದರು. ಅವಳು ಹೊಲಕ್ಕೆ ಹೋದಾಗ ತಾವು ಆ ಮೂಕ ಕ್ಯಾಸೆಟ್ಟನ್ನು ಹಚ್ಚಿ ನೋಡುತ್ತಾರಂತೆ. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದರು: “ಮಾತ ಮರತಂಗ ಆಗೇತ್ರಿ ತಂಗಿ. ನಮ್ಮ ಮನ್ಯಾಕಿನ್ನ ಕೇಳಾಕ ಆಗೂದಿಲ್ಲ. ಇನ್ನೊಮ್ಮೆ ಹೇಳ್ರಿ.”

ನಾನು ಹೇಳತೊಡಗಿದೆ. ನಡುವೆ ಒಂದು ಕಡೆ ನಾಲಿಗೆ ತಡೆಯಿತು. ಅವಳು ‘ಆಚಿ ಕಡೆ ಮಾಡ್ರಿ’ ಅಂದಿದ್ದಳೋ, ‘ಬಾಜೂಕ ಮಾಡ್ರಿ’ ಅಂದಿದ್ದಳೋ, ನನಗೆ ಥಟ್ಟನೆ ತಿಳಿಯದಾಯಿತು. ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು. ಎರಡರಲ್ಲಿ ಒಂದನ್ನು ಹೇಳಿ ಮುಂದೆ ಹೋದೆ. ಅವರು ಪೂರ್ತಿ ಕೇಳಿ, ತುಟಿಯಲ್ಲೇ ಒಮ್ಮೆ ಅಂದುಕೊಂಡು, ನಮಸ್ಕಾರ ಮಾಡಿ ಬೀಡಿ ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದರು.