ಎರಡು ಬೆರಳು ಖಾಲಿ

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ. ಅದಕ್ಕಾಗಿ ಇವತ್ತಿಗೂ ನಾಚಿಕೆಪಟ್ಟಿಲ್ಲ. ಭಾಲ್ಕಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದು, ಔರಾದಿಗೆ ಬಂದು ಸ್ವಂತ ಗ್ಯಾರೇಜ್ ಹಾಕಿದೆ. ತಗಡಿನ ಸೂರು, ಒಂದು ಜಾಕ್, ನಟ್ ಬಿಚ್ಚಲು ನನ್ನವೇ ಪಾನಾಗಳು. ಯಾರ ಮುಂದೆಯೂ ಕೈಚಾಚಿದವನಲ್ಲ.

ನಮ್ಮ ಗಿರಾಕಿಗಳಿಗೆ ಒಂದು ಅಭ್ಯಾಸ. ಕ್ಲಚ್ ರಿಪೇರಿ ಮಾಡಿಸಿಕೊಂಡವರು ಗಾಡಿ ಓಡಿಸಿ ನೋಡುವುದಿಲ್ಲ. ಬಾಗಿಲು ತೆಗೆದು, ಹೊರಗೆ ನಿಂತೇ ಬಗ್ಗಿ, ಪೆಡಲನ್ನು ಅಂಗೈಯಿಂದ ಒತ್ತುತ್ತಾರೆ. ಮುಟ್ಟಿದ ಕೂಡಲೇ ಗಟ್ಟಿ ಹತ್ತಿದರೆ ಕೆಲಸ ಚೊಕ್ಕ. ಸ್ವಲ್ಪ ಖಾಲಿ ಹೋಗಿ ಆಮೇಲೆ ಹತ್ತಿದರೆ 'ಡೀಲಾ ಅದ', ಸಡಿಲ ಎಂದು ಮುಖ ಸಿಂಡರಿಸುತ್ತಾರೆ. ಉಸ್ತಾದರು ಮಾಡಿದ ಕ್ಲಚ್ ಯಾವಾಗಲೂ ಡೀಲಾ. ಎರಡು ಬೆರಳಿನಷ್ಟು ಪೆಡಲ್ ಖಾಲಿ ಹೋಗಲೇಬೇಕೆಂಬುದು ಅವರ ಹಟ. ನಾನು ಗಿರಾಕಿಗಳ ಕೈಗೆ ತಕ್ಕಂತೆ ಟೈಟ್ ಮಾಡಿ ಕೊಟ್ಟೆ, ಹೆಸರು ಮಾಡಿದೆ. ಒಮ್ಮೆ ಅವರು ನನ್ನ ಗ್ಯಾರೇಜಿಗೆ ಬಂದಾಗ ನಾಲ್ಕು ಜನರ ಮುಂದೆ, "ಉಸ್ತಾದ್, ನಿಮ್ಮ ಕೈ ಈಗ ಡೀಲಾ ಆಗ್ಯಾದ್ರಿ" ಅಂದೆ. ಎಲ್ಲರೂ ನಕ್ಕರು. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಆರು ವರ್ಷ ನಮ್ಮ ನಡುವೆ ಮಾತಿರಲಿಲ್ಲ.

ಅಷ್ಟರಲ್ಲಿ ಹೆಂಡತಿಯ ಎರಡೂ ಕಿಡ್ನಿ ಕೆಟ್ಟವು. ಮಂಗಳವಾರ, ಗುರುವಾರ, ಶನಿವಾರ ಬೀದರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗಿನ ಎಂಟಕ್ಕೆ ಆಕೆಯ ಪಾಳಿ, ನಾಲ್ಕು ತಾಸು. ಹನ್ನೆರಡಕ್ಕೆ ಅದೇ ಮಷೀನಿಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ತಡ ಮಾಡಿದಷ್ಟೂ ನಮ್ಮ ತಾಸೇ ಕಡಿಮೆ. ಶನಿವಾರ ತಪ್ಪಿದರೆ ಮಂಗಳವಾರದವರೆಗೆ ಮೈಯೊಳಗಿನ ನೀರು ಮೈಯೊಳಗೇ. ಹೋಗಿಬರಲು ನಮ್ಮ ಕಾರಿತ್ತು. ಇಪ್ಪತ್ತೆರಡು ವರ್ಷದ್ದು.

ಒಂದು ಗುರುವಾರ ಬೀದರಿನಿಂದ ಮರಳುವಾಗ ಅದರ ಕ್ಲಚ್ ಹೋಯಿತು, ಹೇಗೋ ಗ್ಯಾರೇಜ್ ಮುಟ್ಟಿಸಿದೆ. ಶುಕ್ರವಾರ ನಸುಕಿಗೇ ಬೈಕಿನಲ್ಲಿ ಬೀದರಿಗೆ ಹೋಗಿ ಹೊಸ ಕ್ಲಚ್ ಪ್ಲೇಟ್ ತಂದೆ. ಭಾಲ್ಕಿಗೆ ಹೋಗಿದ್ದರೆ ಉಸ್ತಾದರ ಓಣಿ ದಾಟಬೇಕಿತ್ತು. ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಬಿಚ್ಚಿ ಎದೆಯ ಮೇಲೆ ಇಳಿಸಿಕೊಂಡೆ. ಹಳೆಯ ಪ್ಲೇಟ್ ರಿವೆಟ್ ಕಾಣುವಷ್ಟು ಸವೆದಿತ್ತು. ಹೆಂಡತಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಡಾಕ್ಟರು ಅಳೆದು ಹೇಳಿದ ದಿನದ ಪಾಲಿನ ನೀರನ್ನು ಲೋಟದಿಂದ ತುಟಿಗಷ್ಟೇ ಹಚ್ಚಿಕೊಳ್ಳುತ್ತಿದ್ದಳು.

"ಏನ್ರಿ, ಇದು ಮುಗೀತದೋ, ನಾಳಿ ಬಸ್ಸಿಗೆ ಹೋಗೋಣೋ?"

"ನನ್ನ ಗಾಡಿ ಇದ್ದಾಗ ನೀ ಬಸ್ಸಿನಾಗ ಯಾಕ ಹೋಗ್ತಿ?"

"ಗಾಡಿ ಎಲ್ಲಿ ಅದರಿ? ನನಗ ಬರೀ ತಗಡ ಕಾಣ್ಲಕತ್ತದ."

ಸಂಜೆಯೊಳಗೆ ಎಲ್ಲವನ್ನೂ ಕೂಡಿಸಿದೆ. ಕೊನೆಗೆ ಕೇಬಲ್ಲಿನ ನಟ್ ಬಿಗಿದೆ. ಅಂಗೈಯಿಂದ ಪೆಡಲ್ ಒತ್ತಿ ನೋಡಿದೆ. ಮುಟ್ಟಿದ ಕೂಡಲೇ ಹತ್ತಿತು. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ.

ಶನಿವಾರ ಜನವಾಡದವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಮುಂದೆ ಬೀದರಿನ ಏರು. ಅರ್ಧ ಏರುವಷ್ಟರಲ್ಲಿ ಇಂಜಿನ್ ಒದರತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಒಳಗೆ ತುಂಬಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ತೆಗೆದೆ. ಮತ್ತೆ ಹಚ್ಚಿದೆ, ಹತ್ತು ಮಾರು ಹೋಗಿ ನಿಂತಿತು. ಹಿಂದಿನಿಂದ ಬಸ್ಸು ಬರುವುದು ಕಂಡಿತು.

"ಕೈ ಮಾಡ್ರಿ. ಹ್ಯಾಂಗರ ಹತ್ತತೇನಿ."

"ಹತ್ತು ಮಿನಿಟ್ ತಡಿ. ನಾನು ಮೆಕ್ಯಾನಿಕ್ ಇದ್ದೇನಿ."

ಬಸ್ಸು ಹೋಯಿತು. ಎಂಟಕ್ಕೆ ಹತ್ತು ನಿಮಿಷ ಇತ್ತು. ಎಣ್ಣೆ ತಾಗಿರಬೇಕು, ಪ್ಲೇಟೇ ಕಳಪೆ ಇರಬೇಕು ಎಂದು ಹಾಕಿದವನೊಬ್ಬನನ್ನು ಬಿಟ್ಟು ಎಲ್ಲದರ ಮೇಲೂ ಅನುಮಾನ ಪಟ್ಟೆ. ಇನ್ನೆರಡು ಸಲ ಏರಿಸಲು ಹೋಗಿ ಇನ್ನಷ್ಟು ಸುಟ್ಟೆ. ಎಂಟೂವರೆ ಆಯಿತು. ಆಮೇಲೆ ಕಂಡ ಗಾಡಿಗೆಲ್ಲ ಕೈ ಮಾಡಿದೆ. ತುಂಬಿದ ಜೀಪುಗಳು ಹಾರ್ನ್ ಹೊಡೆದು ಹೋದವು. ಹೆಂಡತಿ ಕಿಟಕಿಗೆ ತಲೆಕೊಟ್ಟು ಬಾಯಿಂದ ಉಸಿರಾಡುತ್ತಿದ್ದಳು. ಆ ಉಸಿರಿನ ಸದ್ದು ಕೇಳುತ್ತಾ ಹತ್ತನೇ ನಂಬರಿನ ಪಾನಾ ಕೈಯಲ್ಲಿ ಹಿಡಿದು ನಿಂತೆ. ಅದರಿಂದ ಏನು ಬಿಚ್ಚಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಫೋನ್ ತೆಗೆದು ಭಾಲ್ಕಿಗೆ ಹಚ್ಚಿದೆ.

"ಉಸ್ತಾದ್, ನಾನ್ರಿ."

"ಗೊತ್ತದ. ನಿನ್ನ ನಂಬರ್ ಅಳಿಸಿಲ್ಲ ನಾ. ಏನಾಗ್ಯಾದ?"

"ಹೊಸಾ ಪ್ಲೇಟ್ ಸುಡ್ಲಕತ್ತದ್ರಿ. ಏರಿನಾಗ ನಿಂತೇನಿ. ಮನಿಯಾಕಿನ್ನ ದವಾಖಾನಿಗೆ ಒಯ್ಯಬೇಕ್ರಿ."

"ಪೆಡಲ್ ಎಷ್ಟು ಖಾಲಿ ಹೋಗ್ತದ?"

ಬಗ್ಗಿ ಅಂಗೈಯಿಂದ ಒತ್ತಿದೆ. "ಹೋಗಲ್ರಿ. ಒಂದು ಬೆರಳೂ ಹೋಗಲ್ಲ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಅರೆ ಬೇಟಾ, ಅಷ್ಟು ಟೈಟ್ ಮಾಡಿದರ ಕ್ಲಚ್ ಮ್ಯಾಲ ಯಾವಾಗಲೂ ಕಾಲಿಟ್ಟಂಗೇ ಅಲ್ಲೇನು? ಪ್ಲೇಟ್ ಹ್ಯಾಂಗ ಹಿಡೀತದ? ಕೇಬಲ್ ನಟ್ ಸಡಿಲ ಮಾಡು. ಎರಡು ಬೆರಳು. ನಿನ್ನ ಬೆರಳಲ್ಲ, ನನ್ನ ಬೆರಳು. ಆಮ್ಯಾಲ ಅರ್ಧ ತಾಸು ಮುಟ್ಟಬ್ಯಾಡ, ಆರ್ಲಿ."

ನಟ್ ಸಡಿಲಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ತಾಸೇ ಸಾಗಲಿಲ್ಲ. ಮಾಡಲು ಏನೂ ಕೆಲಸವಿಲ್ಲದೆ ಆಕೆಯ ಪಕ್ಕದಲ್ಲಿ ಕುಳಿತೆ.

"ನಿಮ್ಮ ಉಸ್ತಾದರು ಬೈದರೇನ್ರಿ?"

"ಇಲ್ಲ."

"ಬೈಬೇಕಾಗಿತ್ತು."

ಫಸ್ಟ್ ಗೇರಿನಲ್ಲಿ ತೆವಳುತ್ತಾ ಏರಿ ಆಸ್ಪತ್ರೆ ಮುಟ್ಟಿದಾಗ ಹತ್ತು ಹೊಡೆದಿತ್ತು. ಸಿಕ್ಕದ್ದು ಎರಡೇ ತಾಸು. ಭಾನುವಾರಕ್ಕೆ ಆಕೆಯ ಮುಖ ಊದಿತು, ಪಾದದಲ್ಲಿ ಬೆರಳೊತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುವುದೆಂದು ಗೋಡೆಗೆ ಒರಗಿ ಕುಳಿತೇ ಇದ್ದಳು. ನಾನು ಬಿಟ್ಟುಕೊಟ್ಟ ಬಸ್ಸಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಸುಟ್ಟ ಪ್ಲೇಟ್ ನೆಚ್ಚಿ ಮತ್ತೆ ಆ ಏರು ಹತ್ತುವಂತಿರಲಿಲ್ಲ. ಉಸ್ತಾದರಿಗೆ ಫೋನ್ ಮಾಡಿ, "ಬರ್ರಿ" ಅಂದೆ. ಅಷ್ಟೇ ಬಾಯಿಗೆ ಬಂತು. ಸೋಮವಾರ ಹೊಸ ಪ್ಲೇಟ್ ಕಂಕುಳಲ್ಲಿಟ್ಟುಕೊಂಡು ಭಾಲ್ಕಿಯ ಬಸ್ಸಿನಿಂದ ಇಳಿದರು. ಪಾನಾ ಮುಟ್ಟಲಿಲ್ಲ, ನಾನೇ ಬಿಚ್ಚಿ ನಾನೇ ಕೂಡಿಸಿದೆ. ಕೊನೆಗೆ ಬಗ್ಗಿ, ಪೆಡಲ್ ಎಷ್ಟು ಖಾಲಿ ಹೋಗುತ್ತದೆಂದು ತಮ್ಮ ಎರಡು ದಪ್ಪ ಬೆರಳು ಹಿಡಿದು ಅಳೆದರು. "ಈಗ ಡೀಲಾ ಅದ" ಅಂದರು. ಚಹಾ ಪೂರ್ತಿ ಕುಡಿದರು. ಮಂಗಳವಾರ ಏಳೂವರೆಗೇ ನಾವು ಆಸ್ಪತ್ರೆಯಲ್ಲಿದ್ದೆವು.

ಈಗ ಎಲ್ಲರ ಗಾಡಿಗೂ ಹಾಗೇ ಮಾಡಿ ಕೊಡುತ್ತೇನೆ. ಅಂಗೈಯಿಂದ ಒತ್ತಿ ನೋಡಿ ಕೆಲವರು ಬೇರೆ ಗ್ಯಾರೇಜಿಗೆ ಹೋದರು.

ನನ್ನ ಹತ್ತಿರ ಈಗ ಇರುವುದಿಷ್ಟು. ತಗಡಿನ ಗ್ಯಾರೇಜ್ ಒಂದು. ಹಳೆಯ ಕಾರು ಒಂದು. ಮೊಳೆಗೆ ನೇತುಹಾಕಿದ ಸುಟ್ಟ ಪ್ಲೇಟ್ ಒಂದು. ಉಸ್ತಾದರು ಒಬ್ಬರು. ಹೆಂಡತಿ ಒಬ್ಬಳು. ಬೀದರಿಗೆ ವಾರಕ್ಕೆ ಮೂರು ಸಲ.