ಮೊದ್ಲ ಬಾಯಿಲೆ ಹೇಳು

ನಮ್ಮ ಟ್ಯೂಷನ್ ಅಕ್ಕೋರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ಚಹಾ ಬಗ್ಗಿಸುವಾಗ ಆ ಬೆರಳನ್ನು ಕಪ್ಪಿನ ಅಂಚಿನೊಳಗೆ ಇಳಿಬಿಟ್ಟುಕೊಂಡೇ ಬಗ್ಗಿಸುವರು. ಬಿಸಿ ತಾಗಿದೊಡನೆ ನಿಲ್ಲಿಸುವರು. ಬೆರಳು ಅದ್ದಿದ ಚಹಾ ನಮಗೆ ಅಸಹ್ಯವೇ, ಆದರೆ ಅವರೆದುರು ಮುಖ ಸಿಂಡರಿಸುವ ಧೈರ್ಯ ಯಾರಿಗಿತ್ತು? ಶುಂಠಿ ಚಹಾ, ರುಚಿಯಾಗಿರುತ್ತಿತ್ತು, ಸುಮ್ಮನೆ ಕುಡಿಯುತ್ತಿದ್ದೆವು.

ಅಕ್ಕೋರು ಬಿಜಾಪುರದ ಕಡೆಯವರು. ಶಾಲೆಯಿಂದ ರಿಟೈರಾಗಿ, ಗಂಡ ಹೋದಮೇಲೆ, ಡೊಂಬಿವಲಿ ಈಸ್ಟಿನ ಹಳೇ ಹೌಸಿಂಗ್ ಸೊಸೈಟಿಯೊಂದರಲ್ಲಿ ಒಬ್ಬರೇ ಇದ್ದುಕೊಂಡು ಹನ್ನೆರಡನೇ ಕ್ಲಾಸಿನವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಇಂಗ್ಲಿಷಿನಲ್ಲಿ ಫೇಲಾಗಿ. ನನ್ನಪ್ಪ ಉಡುಪಿ ಕಡೆಯವರು, ನಮ್ಮ ಮನೆಯಿದ್ದ ಅಂಬರನಾಥದಲ್ಲೇ ಹೋಟೆಲೊಂದರ ಕ್ಯಾಶಿನಲ್ಲಿ ಕೂರುತ್ತಿದ್ದರು. ಇನ್ನೊಂದೇ ಸಲ ಬರಿ, ಆಗದಿದ್ದರೆ ಓದು ಸಾಕು, ಅತ್ತೆಯ ಪಾರ್ಲರಿಗೆ ಹೋಗಿ ಕೆಲಸ ಕಲಿ ಎಂದುಬಿಟ್ಟಿದ್ದರು. ನನಗೋ ಕಾಲೇಜಿಗೆ ಹೋಗಲೇಬೇಕೆಂಬ ಹಟ.

ನಾನು ಮುಗ್ಗರಿಸುತ್ತಿದ್ದುದು ಕಥೆ ಬರೆಯುವ ಪ್ರಶ್ನೆಯಲ್ಲಿ. ಹೆಚ್ಚಾಗಿ ಡಿಸ್ಕವರಿಯೇ ವಿಷಯ, ಏನನ್ನೋ ಕಂಡುಕೊಂಡ ಕಥೆ. ಗೈಡಿನಲ್ಲಿ ಒಂದು ತಯಾರಾಗಿಯೇ ಇತ್ತು: ಅಟ್ಟ, ಧೂಳು ಹಿಡಿದ ಪೆಟ್ಟಿಗೆ, ಒಳಗೆ ನಿಧಿಯ ನಕ್ಷೆ. ಊರಿಗೆಲ್ಲ ಅದೇ ಬಾಯಿಪಾಠ. ಮೊದಲ ದಿನ ನಾನೂ ಅದನ್ನೇ ಗಡಗಡ ಒಪ್ಪಿಸಿದೆ.

"ನಿಮ್ಮನಿ ಎಷ್ಟು ದೊಡ್ಡದೈತಿ, ತಂಗಿ?"

"ವನ್ ಬಿಎಚ್‌ಕೆ."

"ಅದರಾಗ ಅಟ್ಟ ಎಲ್ಲಿಂದ ಬಂತು? ನಿಮ್ಮ ಲಾಫ್ಟಿನ್ಯಾಗ ಏನೈತಿ, ಖರೇ ಹೇಳು."

ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. "ಮಿಕ್ಸರ್ ಕಾ ಖಾಲಿ ಬಾಕ್ಸ್. ಗಣಪತಿ ಕಾ ಥರ್ಮಾಕೋಲ್," ಎಂದೆ.

"ಅದನ್ನ ಹೇಳವಾ. ನಕ್ಷೆ ಯಾರಿಗೆ ಬೇಕಾಗೇತಿ?"

ಪೆನ್ನು ಮುಟ್ಟಲು ಬಿಡುತ್ತಿರಲಿಲ್ಲ. "ಮೊದ್ಲ ಬಾಯಿಲೆ ಹೇಳು. ಬಾಯಾಗ ಬರಲಾರದ್ದು ಪೆನ್ನಿನ್ಯಾಗ ಬರೂದಿಲ್ಲ." ಕಣ್ಣು ಮುಚ್ಚಿ ಬೆಳ್ಳುಳ್ಳಿ ಸುಲಿಯುತ್ತಾ ಕೇಳುವರು, ನಡುನಡುವೆ "ಮುಂದ?" ಎನ್ನುವರು. ಗೈಡಿನ ಮಾತು ನುಸುಳಿತೋ, ಸುಲಿಯುವುದು ನಿಂತಿತು ಎಂದೇ ಅರ್ಥ. ಬರೆದದ್ದನ್ನೂ ನಾವೇ ಓದಬೇಕು. ಕೇಳಿಯೇ ತಿದ್ದುವರು. ಎಂಥ ಶಿಸ್ತು ಎಂದುಕೊಂಡಿದ್ದೆ.

ಸೋಮವಾರ ಅವರು ಅಂಬರನಾಥದ ಶಿವನ ಗುಡಿಗೆ ಹೋಗುವರು. ಪರೀಕ್ಷೆ ಹತ್ತಿರ ಬಂದ ಒಂದು ಸೋಮವಾರ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದರು. ನಾನು ನಕ್ಕೆ. ನನ್ನನ್ನೇ ನೋಡುತ್ತಿದ್ದರೂ ಅವರು ನಗಲಿಲ್ಲ. ನೆತ್ತಿಯ ಮೇಲೆಯೇ ಗಾಡಿ ತೋರಿಸುವ ಇಂಡಿಕೇಟರು, ಅಷ್ಟು ದೊಡ್ಡ ಅಕ್ಷರ. ಅದರಡಿ ನಿಂತು ಯಾವ ಗಾಡಿ ಬರುತ್ತಿದೆ ಎಂದು ಪಕ್ಕದವಳನ್ನು ಕೇಳಿದರು, "ಬೇಟಾ, ಕೌನ್ಸೀ ಗಾಡೀ ಲಗೀ ಹೈ?"

"ಆಂಟಿ, ಸಾಮ್ನೆ ತೋ ಲಿಖಾ ಹೈ," ಎಂದಳು ಅವಳು ಫೋನಿನಿಂದ ತಲೆಯೆತ್ತದೆ, ಎದುರಿಗೇ ಬರೆದಿದೆಯಲ್ಲ ಎಂಬಂತೆ.

ಅಕ್ಕೋರು "ಹಾಂ ಹಾಂ" ಎಂದರು. ಕಪ್ಪಿನೊಳಗಿನ ಬೆರಳು, ಮುಚ್ಚಿದ ಕಣ್ಣು, ಬಾಯಿಲೆ ಹೇಳು ಎಂಬ ಮಾತು, ಎಲ್ಲ ಒಟ್ಟಿಗೇ ತಿಳಿಯಿತು. ಕಣ್ಣು ಕಾಣದವರ ಬಳಿ ಪರೀಕ್ಷೆಯ ಮಕ್ಕಳನ್ನು ಯಾವ ತಾಯಿ ಕಳಿಸಿಯಾಳು? ಗೊತ್ತಾದರೆ ಟ್ಯೂಷನ್ನೇ ನಿಲ್ಲುತ್ತದೆ, ಅವರ ಮನೆಯಲ್ಲಿ ಮಕ್ಕಳ ಮಾತೇ ಇರುವುದಿಲ್ಲ. ಹತ್ತಿರ ಹೋಗಿ, "ಅಕ್ಕೋರೆ, ಮೈ ಭೀ ಘರ್ ಜಾ ರಹೀ," ಎಂದೆ. ಆಮೇಲೆ ನನ್ನಷ್ಟಕ್ಕೆ ಓದಿಕೊಳ್ಳುವವಳಂತೆ, "ಟಿಟ್‌ವಾಲಾ ಸ್ಲೋ... ಉಸ್ಕೇ ಪೀಛೇ ಬದಲಾಪುರ," ಎಂದು ಗಟ್ಟಿಯಾಗಿ ಓದಿದೆ. ಅಂಬರನಾಥಕ್ಕೆ ಹೋಗದ ಮೊದಲ ಗಾಡಿ ಬಿಟ್ಟು ಎರಡನೆಯದಕ್ಕೆ ಹತ್ತಿದೆವು.

ಪರೀಕ್ಷೆಯಲ್ಲಿ ಮತ್ತೆ ಡಿಸ್ಕವರಿಯೇ ಬಂತು. ಗೈಡಿನ ಅಟ್ಟ ನಾಲಿಗೆ ತುದಿಯಲ್ಲಿತ್ತು. ಆದರೆ ನಾನು ನಿಜವಾಗಿ ಕಂಡುಕೊಂಡದ್ದು ಒಂದೇ ಒಂದು. ಪೇಪರ್ ತಿದ್ದುವವರಿಗೆ ಡೊಂಬಿವಲಿಯ ಮುದುಕಿ ಯಾರೆಂದು ಏನು ಗೊತ್ತು ಎಂದುಕೊಂಡು ಅದನ್ನೇ ಬರೆದೆ. ಪರೀಕ್ಷೆಯಲ್ಲಿ ಬರೆದದ್ದನ್ನೂ ಅಕ್ಕೋರ ಅಡುಗೆಮನೆಯಲ್ಲಿ ಒಪ್ಪಿಸಬೇಕೆಂಬ ಕಟ್ಟಳೆ ನೆನಪಾದದ್ದು ವಾಪಸು ಬರುವಾಗ.

ಹೋದರೆ, ಹೊರಗಿನ ಕೋಣೆಯಲ್ಲಿ ಮಗಳನ್ನು ಟ್ಯೂಷನ್ನಿಗೆ ಸೇರಿಸಲು ಬಂದ ಹೆಂಗಸೊಬ್ಬರು ಕೂತಿದ್ದರು. ಅಕ್ಕೋರು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಹಿಡಿದು, "ಹೂಂ, ಹೇಳು," ಎಂದರು. ಅವರ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ಒಬ್ಬಳು ಮುದುಕಿ, ಒಬ್ಬಳು ಹುಡುಗಿ ಎಂದು ಶುರುಮಾಡಿದೆ. ಹೊರಗೆ ಕೂತವರಿಗೆ ತಿಳಿಯದಿರಲಿ ಎಂದು, ಹರಕುಮುರುಕು ಕನ್ನಡದಲ್ಲಿ, ಮೊದಲ ಸಲ. ಬೆರಳಿನ ಮಾತು ಬಂದಾಗ ಸುಲಿಯುವುದು ನಿಂತಿತು.

"ಮುಂದ?" ಎಂದರು ಮೆಲ್ಲಗೆ.

"ಹುಡುಗಿ ಯಾರಿಗೂ ಹೇಳುವುದಿಲ್ಲ. ಬೋರ್ಡು ಗಟ್ಟಿಯಾಗಿ ಓದುತ್ತಾಳೆ. ಅಷ್ಟೆ, ಅಕ್ಕೋರೆ."

ಅವರು ಬೆಳ್ಳುಳ್ಳಿ ಮತ್ತೆ ಕೈಗೆ ತಗೊಂಡರು. "ಕಥಿ ಅರ್ಧಾ ಬರದೀ. ಮುದುಕಿಗೆ ಆವತ್ತ ಗೊತ್ತಾಗಿತ್ತು. ಅಂಬರನಾಥದಾಗ ಹುಟ್ಟಿ ಬೆಳದ ಹುಡುಗಿ, ಬೋರ್ಡು ಒದರಿಕೋತ ಯಾಕ ನಿಂದರತಾಳ?" ಎಂದು ಕೈ ಚಾಚಿ, ತಡವಿ, ನನ್ನ ಗಲ್ಲ ಮುಟ್ಟಿದರು. ಬೆರಳು ಬೆಳ್ಳುಳ್ಳಿ ನಾರುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಹೊರಗೆ ಕೂತಿದ್ದ ಆ ತಾಯಿ ಒಳಗೆ ಇಣುಕಿ, ಇಷ್ಟು ಮನಸ್ಸಿಟ್ಟು ಕಲಿಸುವವರು ಬೇರೆಲ್ಲಿ ಸಿಗುತ್ತಾರೆ ಎಂದು ಹಿಂದಿಯಲ್ಲಿ ಹೊಗಳಿ, ಮಗಳನ್ನು ಸೇರಿಸಿಯೇ ಹೋದರು.

ನಾನು ಪಾಸಾದೆ. ಅಪ್ಪ ಹೋಟೆಲಿನಿಂದ ಮೈಸೂರುಪಾಕು ತಂದರು, ಪಾರ್ಲರಿನ ಮಾತೆತ್ತಲಿಲ್ಲ. ಕಾಲೇಜು ಸೇರಿದ ಮೇಲೂ ಸೋಮವಾರ ಅಕ್ಕೋರ ಜೊತೆ ಗುಡಿಗೆ ಹೋಗುತ್ತಿದ್ದೆ. ನಾನು ಬೋರ್ಡು ಓದುವೆ, ಅವರು ನನ್ನ ಕನ್ನಡ ತಿದ್ದುವರು. ಈಗ ಬರೆಯುತ್ತಿರುವುದೂ ಅದೇ ಕನ್ನಡ, ಮೊದಲು ಬಾಯಲ್ಲಿ ಹೇಳಿಕೊಂಡು ಬರೆದದ್ದು.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಈಗ ನನ್ನ ಆಫೀಸು ಖಾರಘರದಲ್ಲಿ, ಆದರೂ ಸೋಮವಾರ ಮನೆಗೆ ಬರುವಾಗ ಡೊಂಬಿವಲಿಯಲ್ಲಿ ಇಳಿಯುತ್ತೇನೆ. ಇಂಡಿಕೇಟರಿನಡಿ ನಿಂತು "ಬದಲಾಪುರ ಸ್ಲೋ" ಎಂದು ಗಟ್ಟಿಯಾಗಿ ಓದುತ್ತೇನೆ. ಮೊನ್ನೆ ಪಕ್ಕದ ಹುಡುಗಿಯೊಬ್ಬಳು, "ಲಿಖಾ ತೋ ಹೈ, ದೀದಿ," ಎಂದಳು. ಗೊತ್ತು ಮಗಾ, ಎಂದೆ.