ಎಡ ಹೆಗಲಿಗೊಂದು ಕೋವಿ

ಬೇಟೆಯ ರೈಫಲ್ ಕೊಳ್ಳಲು ಹೋದವಳು ನಾನು. ಅಂಗಡಿಯವನು ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ. ನನ್ನ ಗಂಡ ಎಂದರೆ ಜಿರಲೆ ಕಂಡರೆ ಸೋಫಾದ ಮೇಲೆ ಕಾಲು ಮಡಚಿ ಕೂತು "ಅಲ್ಲಿ ನೋಡು, ಅಲ್ಲಿ ನೋಡು" ಎಂದು ನನ್ನನ್ನು ಕೂಗುವ ಪುಣ್ಯಾತ್ಮ. ಸುಮ್ಮನೆ ಜೊತೆಗೆ ಬಂದಿದ್ದ ಅವನ ಮುಂದೆ ಆರು ರೈಫಲ್ಲುಗಳನ್ನು ಸಾಲಾಗಿ ಮಲಗಿಸಿ ಅಂಗಡಿಯವನು, "ನಿಮ್ಮ ಮನೆಯವರಿಗೆ ಇದು ಸರಿಹೋಗತ್ತೆ, ಹಗುರ, ನೋಡೋಕೂ ಮುದ್ದಾಗಿದೆ" ಎಂದ. ಮುದ್ದಂತೆ! ಹಂದಿ ಹೊಡೆಯುವ ಸಾಮಾನಿಗೆ ಮುದ್ದು ಯಾಕೆ? ನಾನೇನು ಅದಕ್ಕೆ ಕುಲಾವಿ ಹೊಲಿಸಿ ತೊಟ್ಟಿಲಿಗೆ ಹಾಕುತ್ತೇನೆಯೇ?

"ನನಗೆ ಎಡಗೈಯವರ ರೈಫಲ್ ಬೇಕು" ಎಂದೆ. ಆಗ ಮೊದಲ ಸಲ ನನ್ನ ಮುಖ ನೋಡಿದ. ಆಮೇಲೆ ದೊಡ್ಡ ಗುಟ್ಟು ಬಯಲು ಮಾಡುವವನ ಹಾಗೆ ನಕ್ಕ.

"ಮೇಡಂ, ನೀವು ಬಲಗೈಯವರು. ಈಗ ತಾನೇ ಫಾರಂ ಬಲಗೈಲಿ ತುಂಬಿದ್ರಿ. ರೈಫಲ್ ಕೊಟ್ಟಾಗಲೂ ಬಲಗೈಲೇ ಈಸ್ಕೊಂಡ್ರಿ. ಇಷ್ಟು ವರ್ಷದಿಂದ ಈ ಕೌಂಟರಲ್ಲಿದ್ದೀನಿ, ಇಂಥದ್ದೆಲ್ಲ ನನ್ನ ಕಣ್ಣು ತಪ್ಪಿಸಿ ಹೋಗಲ್ಲ."

ಗಂಡ ತಲೆಯಾಡಿಸಿದ. ಹದಿನಾರು ವರ್ಷ ನನ್ನ ಜೊತೆ ಸಂಸಾರ ಮಾಡಿ, ನಾನು ದಿನಾ ಈರುಳ್ಳಿ ಹೆಚ್ಚುವುದು ಯಾವ ಕೈಯಲ್ಲಿ ಎಂದು ಒಂದು ದಿನವೂ ನೋಡಿರದ ಮನುಷ್ಯ, ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ.

ಅಂಗಡಿಯವನು ಹೇಳಿದ್ದು ಸುಳ್ಳೇನೂ ಅಲ್ಲ. ನನ್ನ ಬಲಗೈಯನ್ನು ತಯಾರು ಮಾಡಿದವಳು ನನ್ನ ಅಮ್ಮ. ಮೈಸೂರಿನ ನಮ್ಮ ಮನೆಯಲ್ಲಿ ಊಟದ ತಟ್ಟೆಗೆ ಎಡಗೈ ಇಳಿಯಿತೋ, ಸೌಟಿನ ಹಿಡಿಯಿಂದ ಗೆಣ್ಣಿನ ಮೇಲೆ ಒಂದು ಬೀಳುತ್ತಿತ್ತು. ಬರೆಯುವುದು, ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು, ಕುಂಕುಮ ಇಡುವುದು, ಹೀಗೆ ನಾಲ್ಕು ಜನ ನೋಡುವ ಕೆಲಸವೆಲ್ಲ ಬಲಗೈಗೆ ಹೋಯಿತು. ಕಸ ಗುಡಿಸುವುದು, ಬೀಗ ತೆಗೆಯುವುದು, ತರಕಾರಿ ಹೆಚ್ಚುವುದು, ಮಾವಿನಕಾಯಿಗೆ ಕಲ್ಲು ಬೀರುವುದು ಎಡಗೈಯಲ್ಲೇ ಉಳಿಯಿತು. ಕ್ಯಾಲಿಫೋರ್ನಿಯಾದ ಈ ಕ್ಯಾಂಪ್‌ಬೆಲ್ಲಿನಲ್ಲಿ ಎಡಗೈಯಲ್ಲಿ ಏನು ಕೊಟ್ಟರೂ ಯಾರಿಗೂ ಅವಮಾನವಾಗುವುದಿಲ್ಲ. ಆದರೂ ಯಾರಾದರೂ ಏನಾದರೂ ಚಾಚಿದರೆ ನನ್ನ ಬಲಗೈ ತಾನಾಗಿ ಮುಂದೆ ಹೋಗುತ್ತದೆ. ಕೌಂಟರಿನ ಆಚೆ ನಿಂತವನಿಗೆ ಇದೆಲ್ಲ ಗೊತ್ತಿರಬೇಕು ಎಂದು ನಾನು ಹೇಳುವುದಿಲ್ಲ. ಕೇಳಬಹುದಿತ್ತು. ಬಾಯಿ ಇತ್ತಲ್ಲ, ಬೇಕಾದಷ್ಟು ದೊಡ್ಡದೇ ಇತ್ತು.

ನನಗೆ ಕೋವಿ ಯಾಕೆ ಬೇಕಾಯಿತು ಎಂದು ಹೇಳದಿದ್ದರೆ ನನ್ನ ತಲೆಯೂ ಕೆಟ್ಟಿದೆ ಅಂದುಕೊಳ್ಳುತ್ತೀರಿ. ನಾನು ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಕುಯ್ಯುವಾಗ ಜನಕ್ಕೆ ನೋವು ಗೊತ್ತಾಗದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಹಿರಿಯ ನರ್ಸ್ ಇದ್ದಾಳೆ. ಅವಳ ಅಣ್ಣ ಬೆಟ್ಟಗಳ ಆಚೆ ದನ ಸಾಕುತ್ತಾನೆ. ಅವನ ಹುಲ್ಲುಗಾವಲನ್ನು ಕಾಡುಹಂದಿಗಳು ಗುಂಪಾಗಿ ಬಂದು ಬಗೆದು ಹಾಕುತ್ತವೆ. ಪ್ರತಿವರ್ಷ ಅವಳು ಅಲ್ಲಿಗೆ ಬೇಟೆಗೆ ಹೋಗುತ್ತಾಳೆ. ಭಾನುವಾರ ಮಟನ್ ಸಾರು ಇಲ್ಲದಿದ್ದರೆ ಮುಖ ದಪ್ಪ ಮಾಡಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ತಿನ್ನುವವಳಿಗೆ ಒಂದು ಸಲವಾದರೂ ಕೊಲ್ಲುವ ಧೈರ್ಯ ಇರಬೇಕು ಎಂದು ಹಟ ಹುಟ್ಟಿತು. ಕೋರ್ಸು ಮುಗಿಸಿದೆ, ಲೈಸೆನ್ಸು ತೆಗೆದೆ, ಹೋದ ವರ್ಷ ಅವಳ ಜೊತೆ ಹೋದೆ.

ಹೋದದ್ದು ಅವಳ ಇನ್ನೊಂದು ರೈಫಲ್ ಹಿಡಿದುಕೊಂಡು. ಅದು ಬಲಗೈಯವರದ್ದು. ಈ ರೈಫಲ್ಲುಗಳಿಗೆ ಪಕ್ಕದಲ್ಲಿ ಬಾಗಿಲ ಚಿಲಕದಂಥ ಒಂದು ಹಿಡಿ ಇರುತ್ತದೆ, ಬೋಲ್ಟ್ ಅನ್ನುತ್ತಾರೆ. ಒಂದು ಗುಂಡು ಹಾರಿದ ಮೇಲೆ ಅದನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಗೆ ಒತ್ತಿದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ಆ ಹಿಡಿ ಬಲಕ್ಕಿತ್ತು. ನಾನು ಕೋವಿ ಇಟ್ಟುಕೊಂಡದ್ದು ಎಡ ಹೆಗಲಿಗೆ, ಯಾಕೆಂದರೆ ಬಲ ಹೆಗಲಿಗಿಟ್ಟರೆ ಗುರಿಯೇ ಸಿಗುತ್ತಿರಲಿಲ್ಲ. ಮೊದಲ ಗುಂಡು ಹಂದಿಯ ಹೊಟ್ಟೆಗೆ ಬಿತ್ತು. ಅದು ಕಿರುಚಿತು. ನಾನು ಎಡಗೈಯನ್ನು ಟ್ರಿಗರಿನಿಂದ ತೆಗೆದು, ಕೋವಿಯ ಮೇಲಿಂದ ಆಚೆಗೆ ಚಾಚಿ, ತಡಕಿ, ಹಿಡಿ ಎತ್ತುವಷ್ಟರಲ್ಲಿ ಕೋವಿ ಹೆಗಲಿನಿಂದ ಜಾರಿತ್ತು, ಹಂದಿ ಪೊದೆ ಸೇರಿತ್ತು. ಸಂಜೆಯವರೆಗೂ ಹುಡುಕಿದೆವು. ರಕ್ತ ಸಿಕ್ಕಿತು, ಹಂದಿ ಸಿಗಲಿಲ್ಲ.

ನೋವಾಗದ ಹಾಗೆ ನೋಡಿಕೊಳ್ಳುವ ಡಾಕ್ಟರಮ್ಮ! ಫ್ರೀವೇಯಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಎರಡನೇ ಗುಂಡನ್ನು ಆ ಕ್ಷಣಕ್ಕೆ ಹಾರಿಸಲು ಬರುವವರೆಗೆ ಇನ್ನೊಂದು ಪ್ರಾಣಿಯ ಮುಂದೆ ಕೋವಿ ಎತ್ತುವುದಿಲ್ಲ ಎಂದು ನರ್ಸಿಗೆ ಹೇಳಿದೆ. "ಹಾಗಾದ್ರೆ ನಿನಗೆ ಒಗ್ಗೋದನ್ನ ತಗೊಂಡು ಅಭ್ಯಾಸ ಮಾಡು. ಮುಂದಿನ ಅಕ್ಟೋಬರಿಗೆ ನಿನ್ನ ಜಾಗ ಇಟ್ಟಿರ್ತೀನಿ" ಎಂದಳು.

ಅದಕ್ಕೇ ನಾನು ಆ ಅಂಗಡಿಗೆ ಹೋದದ್ದು. ಮುದ್ದು ರೈಫಲ್ಲಿನ ಮಹಾಶಯ ಬುದ್ಧಿಮಾತು ಮುಂದುವರಿಸಿದ. ಬಲಗೈಯಲ್ಲೇ ಕಲಿತುಬಿಡಿ, ಒಂದು ವಾರ ಸಾಕು ಎಂದ. ಎಡಗೈಯದ್ದನ್ನು ಕೊಂಡರೆ ನಾಳೆ ಮಾರಲು ಹೋದಾಗ ಯಾರೂ ಮೂಸಿ ನೋಡುವುದಿಲ್ಲ ಎಂದ. ಈ ಮಾತು ಕೇಳಿ ನನ್ನ ಗಂಡನ ಕಣ್ಣು ಅರಳಿತು. "ಅವ್ರು ಹೇಳೋದು ಕರೆಕ್ಟ್, ರೀಸೇಲ್ ವ್ಯಾಲ್ಯೂ ನೋಡ್ಬೇಕಲ್ವಾ?" ಎಂದ. ಮದುವೆಗೆ ಮುಂಚೆ ನನ್ನದನ್ನೂ ವಿಚಾರಿಸಿಕೊಂಡೇ ಬಂದಿದ್ದನೋ ಏನೋ. "ಏನ್ರೀ, ನಾನಿನ್ನೂ ಕೊಂಡೇ ಇಲ್ಲ, ನೀವಾಗ್ಲೇ ಮಾರ್ತಿದ್ದೀರಲ್ಲ" ಎಂದು ಅವನನ್ನು ಎಬ್ಬಿಸಿಕೊಂಡು ಹೊರಟೆ.

ಸುದ್ದಿ ಬೆರ್ರಿಯೆಸಾದ ಪಾಟ್‌ಲಕ್ಕಿಗೆ ನನಗಿಂತ ಮುಂಚೆ ತಲುಪಿತ್ತು. ತಿಂಗಳಿಗೊಮ್ಮೆ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ನಮ್ಮ ಕನ್ನಡದ ಗುಂಪು ಅದು. ದೀಪಾವಳಿಯ ತುಪಾಕಿ ಬಿಟ್ಟರೆ ಬೇರೆ ಕೋವಿ ಮುಟ್ಟಿದವರು ಅಲ್ಲಿ ಒಬ್ಬರೂ ಇಲ್ಲ, ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು. ಒಬ್ಬ ಮಹಾನುಭಾವ ಮೂವತ್ತು ರೈಫಲ್ಲುಗಳ ಎಕ್ಸೆಲ್ ಶೀಟು ಮಾಡಿ ಫೋನಿಗೆ ಕಳಿಸಿದ. ತೂಕ, ಉದ್ದ, ಬಣ್ಣ, ಸ್ಟಾರ್ ಎಲ್ಲ ಇತ್ತು, ಎಡಗೈಗೆ ಸಿಗುತ್ತದೋ ಇಲ್ಲವೋ ಎಂಬ ಒಂದು ಕಾಲಂ ಬಿಟ್ಟು. ಇನ್ನೊಬ್ಬ, "ಲೆಫ್ಟು ರೈಟು ಎಲ್ಲ ಬರೀ ಮೈಂಡ್‌ಸೆಟ್ಟು" ಎಂದು ಬಲಗೈಯಲ್ಲಿ ಬಿಸಿಬೇಳೆಬಾತ್ ಕಲಸಿದ. ಎಡಗೈಯಲ್ಲಿ ಕಲಸಿ ತೋರಿಸಪ್ಪ ಎಂದೆ, ಹಪ್ಪಳ ತರಲು ಎದ್ದು ಹೋದ. ಒಬ್ಬಾಕೆ ಚಿಕನ್ ಕಬಾಬಿನ ಮೂಳೆ ಚೀಪುತ್ತಾ, "ಪಾಪ ಕಣ್ರೀ, ಹಂದಿ. ಹೇಗಾದ್ರೂ ಮನಸ್ಸು ಬರತ್ತೆ ನಿಮಗೆ?" ಎಂದಳು. ಬಾಯಲ್ಲಿದ್ದ ಕೋಳಿ ತಾನಾಗಿ ಎಣ್ಣೆಗೆ ಹಾರಿತ್ತು ಅಂತ ಕಾಣುತ್ತದೆ.

ಬುದ್ಧಿಯಿರುವ ಒಂದು ಮಾತು ಹೇಳಿದ್ದು ನರ್ಸ್ ಮಾತ್ರ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನ ಎರಡು ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿದಳು. ಎಡಗಣ್ಣು ಮುಚ್ಚಿಸಿದಳು, ಗಡಿಯಾರ ಮಾಯ. ಬಲಗಣ್ಣು ಮುಚ್ಚಿಸಿದಳು, ಗಡಿಯಾರ ಇದ್ದಲ್ಲೇ ಇತ್ತು. "ನಿನ್ನ ಗುರಿಯ ಕಣ್ಣು ಎಡಗಣ್ಣು. ಯಾರು ಏನೇ ಹೇಳಲಿ, ಕೋವಿ ಎಡ ಹೆಗಲಿಗೇ" ಎಂದಳು. ಕೈಯನ್ನು ಹೊಡೆದು ತಿದ್ದಿದ್ದರು. ಕಣ್ಣಿಗೂ ಹೊಡೆಯಬೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಎರಡನೇ ಅಂಗಡಿಗೆ ಒಬ್ಬಳೇ ಹೋದೆ. ಬೇಕೆಂದೇ ಎಲ್ಲವನ್ನೂ ಎಡಗೈಯಲ್ಲಿ ಈಸಿಕೊಂಡೆ. ಒಳಗೊಳಗೆ ಅಳುಕಾಯಿತು, ಆದರೂ ಈಸಿಕೊಂಡೆ. ಗೋಡೆ ತುಂಬ ರೈಫಲ್ಲುಗಳಿದ್ದರೂ ಎಡಗೈಗೆ ಇದ್ದದ್ದು ಎರಡೇ. ಒಂದಕ್ಕೆ ಒಳ್ಳೆಯ ಮರದ ಹಿಂಬದಿ, ನೋಡಲು ಲಕ್ಷಣ; ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆದರೆ ನಳಿಗೆ ಎತ್ತಲೋ ನೋಡುತ್ತಿತ್ತು. ಇನ್ನೊಂದು ಕೆಸರು ಬಣ್ಣದ ಪ್ಲಾಸ್ಟಿಕ್ಕಿನದು, ಅಪ್ಪಟ ಕುರೂಪಿ. ಅದನ್ನು ಏರಿಸಿ ಕಣ್ಣು ತೆರೆದಾಗ ಗುರಿ ನೇರ ಎದುರಿಗಿತ್ತು, ಬೋಲ್ಟ್ ನನ್ನ ಎಡಗೈ ಪಕ್ಕದಲ್ಲೇ ಇತ್ತು. ಅದನ್ನೇ ಕೊಂಡೆ. ಈ ರಾಜ್ಯದಲ್ಲಿ ಕೋವಿ ಕೊಂಡರೆ ಕೈಗೆ ಕೊಡಲು ಹತ್ತು ದಿನ ಕಾಯಿಸುತ್ತಾರೆ. ಸಿಟ್ಟಿನ ಭರದಲ್ಲಿ ಯಾರನ್ನಾದರೂ ಹೊಡೆದಾರು ಎಂಬ ಭಯ ಇರಬೇಕು. ಹದಿನಾರು ವರ್ಷ ತಡೆದುಕೊಂಡವಳಿಗೆ ಹತ್ತು ದಿನ ಯಾವ ಲೆಕ್ಕ?

ರೈಫಲ್ ಮನೆಗೆ ಬಂದಾಗ ಅಮ್ಮ ಮನೆಯಲ್ಲಿದ್ದಳು. ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದಳು. ಕೋವಿಗೆ ಕುಂಕುಮ ಇಟ್ಟಳು, ಒಂದು ಹೂವೂ ಇಟ್ಟಳು. ಆಮೇಲೆ, "ಹಂದಿ ಹೊಡಿ, ಬೇಡ ಅನ್ನಲ್ಲ. ಎಡಗೈಲಿ ಮಾತ್ರ ಹೊಡೀಬೇಡ ಕಣೇ" ಎಂದಳು.

"ಹಂದಿ ಹೊಡ್ಯೋದೇನು ಶುಭಕಾರ್ಯನಾಮ್ಮ?" ಎಂದೆ.

"ಏನೋಪ್ಪ, ನಿಂಗೆ ಹೇಳೋರ್ಯಾರು" ಎಂದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಅಭ್ಯಾಸ ಶುರುವಾಯಿತು. ಮದ್ದಿಲ್ಲದ ಪ್ಲಾಸ್ಟಿಕ್ ತೋಟಾಗಳು, ಎದುರಿಗೆ ಗೋಡೆ, ಪಕ್ಕದಲ್ಲಿ ಫೋನಿನಲ್ಲಿ ಸಮಯ ನೋಡಲು ಹದಿಮೂರು ವರ್ಷದ ನನ್ನ ಮಗಳು. ಟ್ರಿಗರ್ ಒತ್ತು, ಬೋಲ್ಟ್ ಎಳೆ, ನೂಕು, ಮತ್ತೆ ಒತ್ತು. ಹಿಡಿ ಕೈಯ ಪಕ್ಕದಲ್ಲೇ ಇದೆ, ಆದರೂ ಪ್ರತಿಸಲ ಒಂದು ಗಳಿಗೆ ತಡ. ಆ ಗಳಿಗೆಯಲ್ಲಿ ಹಂದಿ ಪೊದೆ ಸೇರುತ್ತದೆ. ಮೂರು ಶನಿವಾರ ಕಳೆದರೂ ತಡ ಹೋಗಲಿಲ್ಲ. ಬೋಲ್ಟ್ ಬಿಗಿಯಾಗಿದೆ ಎಂದುಕೊಂಡೆ. ಎಣ್ಣೆ ಬಿಟ್ಟೆ. ಅಂಗಡಿಗೆ ಫೋನ್ ಮಾಡಿ, ಎಡಗೈಯವರು ಅಂದರೆ ನಿಮಗೆಲ್ಲ ತಾತ್ಸಾರ, ಕೆಟ್ಟ ಮಾಲು ತಳ್ಳಿದ್ದೀರಿ ಎಂದು ಬೈದೆ ಕೂಡ. ಪಾಪ, ಅವರು ಇನ್ನೊಂದು ಎಣ್ಣೆಯ ಹೆಸರು ಹೇಳಿದರು.

ನಾಲ್ಕನೇ ಶನಿವಾರ ಅಮ್ಮನೂ ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗಳು ನನ್ನ ವಿಡಿಯೋ ತೆಗೆದು ಮುಂದೆ ಹಿಡಿದಳು.

"ಅಮ್ಮಾ, ಲುಕ್. ನಿನ್ ಹ್ಯಾಂಡ್ ಸ್ಟಾಪ್ ಆಗತ್ತೆ. ಎವ್ರಿ ಟೈಮ್. ಆಂಡ್ ಯು ಸೇ ಸಮ್‌ಥಿಂಗ್."

ನೋಡಿದೆ. ಎಡಗೈ ಹಿಡಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಕೈ ಮುಂದುವರಿಯುತ್ತಿತ್ತು. ಮಗಳು ಶಬ್ದ ಜೋರು ಮಾಡಿದಳು. ನಾನು "ತಪ್ಪಾಯ್ತು" ಅನ್ನುತ್ತಿದ್ದೆ. ಪ್ರತಿಸಲ, ತಪ್ಪದೆ, ಗೋಡೆಗೆ ಮುಖ ಮಾಡಿಕೊಂಡು.

"ಹೂ ಆರ್ ಯು ಸೇಯಿಂಗ್ ತಪ್ಪಾಯ್ತು ಟು?" ಎಂದು ಮಗಳು ಕೇಳಿದಳು.

ನನಗೆ ಮರೆತೇ ಹೋಗಿತ್ತು. ಊಟದ ಹೊತ್ತು ಏಟು ಬಿದ್ದ ಮೇಲೆ ತಪ್ಪಾಯ್ತು ಅನ್ನಬೇಕಿತ್ತು. ಅಂದ ಮೇಲೆಯೇ ಮುಂದಿನ ತುತ್ತು. ಊರಿನವರನ್ನೆಲ್ಲ ಆಡಿಕೊಂಡು, ಅಂಗಡಿಯವರನ್ನು ಬೈದು, ಗಂಡನನ್ನು ಹೀಯಾಳಿಸಿ ಓಡಾಡಿದವಳು ನಾನು. ನನ್ನ ಬಾಯೊಳಗೇ ಇದು ಕೂತಿತ್ತು. ನಾಚಿಕೆಯಾಯಿತು.

"ನಂಗೆ ಕಣಮ್ಮ" ಎಂದಳು ಅಮ್ಮ, ಸೊಪ್ಪಿನಿಂದ ತಲೆ ಎತ್ತದೆ. "ನಿಮ್ಮಮ್ಮ ನಂಗೆ ಹೇಳ್ತಿರೋದು. ಹೇಳ್ಸಿದ್ದು ನಾನೇ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಎಲ್ಲಿತ್ತೋ ಆ ಸಿಟ್ಟು. "ಅಷ್ಟು ಹೊಡೀಬೇಕಿತ್ತೇನಮ್ಮ?" ಎಂದೆ.

"ಎಡಚಿ ಅಂತ ಯಾರೂ ನಿನ್ನ ಆಡ್ಕೋಬಾರ್ದು ಅಂತ ಹೊಡ್ದೆ." ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟಳು. "ಹೊಡೀಬಾರ್ದಿತ್ತು." ಸ್ವಲ್ಪ ಹೊತ್ತು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹಳೆಯ ಗದರುವ ದನಿಯಲ್ಲೇ, "ಏನ್ ನೋಡ್ತೀಯ, ಇನ್ನೊಂದ್ಸಲ ಮಾಡು. ಬಾಯಿ ಮುಚ್ಕೊಂಡು ಮಾಡು" ಎಂದಳು.

ಮಾಡಿದೆ. ಹಲ್ಲು ಕಚ್ಚಿ ಮಾಡಿದೆ. ಆ ಬೆಳಿಗ್ಗೆ ಎಷ್ಟು ಸಲ ಎಂದು ಮಗಳಿಗೂ ನೆನಪಿಲ್ಲ. ತೋಳು ಸೋತು ಕೆಳಗೆ ಬೀಳುವವರೆಗೆ ಅಮ್ಮ ಅಲ್ಲಿಂದ ಏಳಲಿಲ್ಲ.

ಅಕ್ಟೋಬರಿನಲ್ಲಿ ನರ್ಸಿನ ಜೊತೆ ಹೋದೆ. ಬೆಳಕು ಹರಿದ ಮೇಲೆ ಓಕ್ ಮರಗಳ ಕೆಳಗೆ ಒಂದು ಹಂದಿ ಸಿಕ್ಕಿತು. ಮೊದಲ ಗುಂಡಿಗೆ ಮುಗ್ಗರಿಸಿತು, ಬೀಳಲಿಲ್ಲ, ಪೊದೆಯ ಕಡೆ ತಿರುಗಿತು. ನನ್ನ ಎಡಗೈ ಹೋಯಿತು, ಬಂತು. ಎರಡನೆಯದಕ್ಕೆ ಬಿತ್ತು. ಹತ್ತಿರ ಹೋಗಿ ನೋಡಿದೆವು; ಕಾಲು ಕೂಡ ಅಲ್ಲಾಡುತ್ತಿರಲಿಲ್ಲ. ನರ್ಸ್ ನನ್ನ ಬೆನ್ನು ತಟ್ಟಿದಳು. ಜಂಬ ಬರಬಹುದೇನೋ ಅಂದುಕೊಂಡಿದ್ದೆ, ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ.

ಮನೆ ತಲುಪಿದಾಗ ಮಧ್ಯಾಹ್ನ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಕಾರಿನಿಂದ ಇಳಿಯುವುದಕ್ಕೂ ಬಿಡಲಿಲ್ಲ.

"ಒದ್ದಾಡ್ತೇನೇ ಅದು?"

"ಇಲ್ಲಮ್ಮ."

"ಸದ್ಯ" ಎಂದು ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.